ಸುವಾರ್ತಮ್ಮನ ಸಾವಿಗೆ ಹಟ ಹಿಡಿದವರು

ಮಾನ್ವಿಯಲ್ಲಿ ಈಚೆಗೆ ನಡೆದ ಕಾದಂಬರಿಕಾರ ಮಿತ್ರರೊಬ್ಬರ ಶ್ರದ್ಧಾಂಜಲಿ ಸಭೆಯ ಬ್ಯಾನರಿನಲ್ಲಿ ಶ್ರದ್ಧಾಂಜಲಿ ಸಲ್ಲಿಸುವವರೆಲ್ಲರ ಭಾವಚಿತ್ರಗಳಿದ್ದವು, ತೀರಿಕೊಂಡವರದೊಂದೇ ಇರಲಿಲ್ಲ. ಜಾಗ ಸಾಲಲಿಲ್ಲವೆಂದು ಸಂಘಟಕರು ವಿಷಾದಿಸಿದರು. ಅವರು ಬದುಕಿದ್ದಾಗ ವೇದಿಕೆಯ ಮೇಲೊಂದು ಕುರ್ಚಿ ಕೊಡದಿದ್ದ ಎರಡು ಬಣಗಳು, ಒಂದು ಚರ್ಚುಗಳದು, ಇನ್ನೊಂದು ನಮ್ಮ ಪ್ರಗತಿಪರರದು, ಅಂದು ಅವರು ತಮ್ಮವರೆಂದು ಹೇಳಿಕೊಳ್ಳಲು ಮೈಕಿಗಾಗಿ ಕೈಕೈ ಮಿಲಾಯಿಸುವ ಹಂತಕ್ಕೆ ಬಂದವು. ಈ ಬರಹದಲ್ಲಿ ಅವರ ಹೆಸರು ಬರೆಯದಿರುವುದಕ್ಕೆ ಅದೇ ಕಾರಣ. ಹೆಸರು ಸಿಕ್ಕರೆ ಇನ್ನೊಂದು ಬ್ಯಾನರು ಏಳುತ್ತದೆ.

ಅವರು ಕ್ರೈಸ್ತ ಕಾದಂಬರಿಕಾರರು. ಹಾಗೆಂದರೇನು ಎಂದು ಕೇಳುವವರೇ ಹೆಚ್ಚು. ನಾನೂ ಕೇಳಿದ್ದೆ. "ಕ್ರೈಸ್ತ ಬದ್ನಿಕಾಯಿ ಅಂತ ಇರ್ತಾವೇನ್ರಿ ಅಕ್ಕಾರ? ಕಾದಂಬರಿ ಅಂದ್ರ ಕಾದಂಬರೀನ. ನನ್ನ ಮಂದಿ ಐತಾರ ಚರ್ಚಿಗೆ ಹೋಗ್ತಾರ, ಹೋಗಿ ಬಂದು ಜಗಳಾಡ್ತಾರ. ಅಷ್ಟ ಫರಕು" ಎಂದಿದ್ದರು.

ಅವರ ವೃತ್ತಿ ಬಸ್ ನಿಲ್ದಾಣದ ನಿಯಂತ್ರಕರದು. ಕಿಟಕಿಯ ಹಿಂದೆ ಕುಳಿತು, ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಮೈಕಿನಲ್ಲಿ ಸಾರುವ ಕೆಲಸ. ನಿಲ್ದಾಣ ಯಾವ ಊರಿನದೆಂದು ಹೇಳಲಾರೆ. ಮಹಿಳೆಯರ ಶೌಚಾಲಯಕ್ಕೆ ಬೀಗ ಜಡಿದಿದ್ದ ನಿಲ್ದಾಣ ಅದು ಎಂದರೆ ಗುರುತು ಸಿಕ್ಕಿಬಿಡುತ್ತದೆಂಬ ಭಯ ನನಗಿಲ್ಲ. ಅಂಥ ನಿಲ್ದಾಣಗಳು ಬೇಕಾದಷ್ಟಿವೆ. ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಉಳಿದ ವೇಳೆಯಲ್ಲಿ ಮನವಿಪತ್ರಗಳನ್ನು ಬರೆಯುತ್ತ ಬಂದವಳು ನಾನು. ಆ ಬೀಗದ ವಿರುದ್ಧ ಬರೆದ ಮನವಿಯನ್ನು ಕಿಟಕಿಯೊಳಗೆ ತೂರಿಸಿದಾಗ ಅವರ ಮುಖವನ್ನು ಮೊದಲು ಕಂಡೆ: ಎಣ್ಣೆ ಹಚ್ಚಿ ನೀಟಾಗಿ ಬಾಚಿದ ತಲೆ, ಕಿವಿಯ ಮೇಲೆ ಪೆನ್ನು, ಮೈಕಿನ ಬಾಯನ್ನು ಭದ್ರವಾಗಿ ಮುಚ್ಚಿಕೊಂಡ ಎಡಗೈ. ಮನವಿಯನ್ನು ಪೂರ್ತಿ ಓದಿದರು.

"ಭಾಳ ಚಂದ ಬರದೀರಿ. ಆದ್ರ ಇದರಾಗ ಖಳನಾಯಕ ಯಾರಂತ ಗೊತ್ತಾಗವಲ್ದು."

"ಇದು ಕಥೆಯಲ್ಲ, ಮನವಿ" ಎಂದೆ.

"ಅದಕ್ಕ ಯಾರೂ ಓದಂಗಿಲ್ಲ. ಕೀಲಿ ಯಾರ ಕಿಸೇದಾಗ ಅದ ಅಂತ ಬರೀರಿ. ಓದಾವ ತನ್ನ ಕಿಸೆ ಮುಟ್ಟಿ ನೋಡ್ಕೋಬೇಕು."

ಹಾಗೆಯೇ ತಿದ್ದಿ ಬರೆದೆ. ಬೀಗ ತೆರೆಯಿತು. ಕೆಲವು ದಿನಗಳಲ್ಲಿ ಶೌಚಾಲಯದ ಬಾಗಿಲೇ ಕಳುವಾಯಿತು. ಅದರ ಮನವಿ ಇನ್ನೂ ಇತ್ಯರ್ಥವಾಗಿಲ್ಲ.

ಮೈಕಿನ ಬಾಯನ್ನು ಮುಚ್ಚಿಕೊಳ್ಳುವ ಅಭ್ಯಾಸಕ್ಕೆ ಒಂದು ಹಿನ್ನೆಲೆಯಿತ್ತು. ಅವರು ಪಾತ್ರಗಳ ಮಾತನ್ನು ಬಾಯಲ್ಲಿ ಆಡಿ ನೋಡಿಯೇ ಬರೆಯುವವರು. ಒಂದು ಮಧ್ಯಾಹ್ನ ಮೈಕು ಚಾಲೂ ಇರುವುದನ್ನು ಮರೆತು, "ಹೋಗಬೇಡ ಮಗನೇ, ಇಳಿದು ಬಾ, ನಿನ್ನ ತಂದೆ ನಿನ್ನನ್ನು ಕ್ಷಮಿಸಿದ್ದಾನೆ" ಎಂದು ಗದ್ಗದಿತರಾಗಿ ಹೇಳಿಬಿಟ್ಟರಂತೆ. ಸಿಂಧನೂರಿನ ಬಸ್ಸಿನಲ್ಲಿ ಕೂತಿದ್ದ ಮೂವರು ಗಂಡುಮಕ್ಕಳು ಬೇರೆ ಬೇರೆ ಸೀಟುಗಳಿಂದ ಎದ್ದು ಇಳಿದು ಬಂದರು. ಅವರಲ್ಲಿ ಒಬ್ಬ ನಿಜವಾಗಿಯೂ ಮನೆಗೆ ಹಿಂದಿರುಗಿದ. ಅವನ ತಂದೆ ಮಾತ್ರ ಕ್ಷಮಿಸಿರಲಿಲ್ಲ. ನಿಯಂತ್ರಕರು ಮೇಲಧಿಕಾರಿಗಳಿಗೆ ವಿವರಣೆ ಕೊಡಬೇಕಾಯಿತು.

ಬರವಣಿಗೆಯೆಲ್ಲ ಬಸ್ಸುಗಳ ನಡುವೆ. ದೇವದುರ್ಗದ ಬಸ್ಸು ಹೋಗಿ ಕವಿತಾಳದ ಬಸ್ಸು ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯಬೇಕು. ಹೀಗಾಗಿ ಅವರ ಪಾತ್ರಗಳು ಮಾತಿನ ನಡುವೆ ಥಟ್ಟನೆ ಎದ್ದು ಹೋಗುತ್ತವೆ. ವಿಮರ್ಶಕರೊಬ್ಬರು ಇದನ್ನು ಆಧುನಿಕ ಬದುಕಿನ ಛಿದ್ರತೆಯೆಂದು ಹೊಗಳಿದ್ದುಂಟು. ಸಾರಿಗೆ ನೌಕರರು ಮುಷ್ಕರ ಹೂಡಿದ ವರ್ಷ ಬರೆದ ಒಂದು ಅಧ್ಯಾಯವಿದೆ. ಅದರಲ್ಲಿ ಒಬ್ಬ ಮುದುಕ ಹಾಸಿಗೆಯಿಂದ ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಊರಿನಲ್ಲಿ ಒಂದು ಮದುವೆ, ಒಂದು ಬಾಪ್ತಿಸ್ಮ, ಒಂದು ಹೊಲದ ತಕರಾರು ನಡೆದು ಮುಗಿಯುತ್ತವೆ. ಮುಷ್ಕರ ನ್ಯಾಯವಾಗಿತ್ತೆಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಒಮ್ಮೆ ನನ್ನನ್ನು ರಾಯಚೂರಿನಲ್ಲಿ ನಡೆದ ಕ್ರೈಸ್ತ ಲೇಖಕರ ಸಮ್ಮೇಳನಕ್ಕೆ ಕರೆದುಕೊಂಡು ಹೋದರು. ಪ್ರತಿಯೊಬ್ಬ ಲೇಖಕರ ಹೆಗಲಿಗೂ ಸ್ವಂತ ಪುಸ್ತಕಗಳು ತುಂಬಿದ ಚೀಲವಿತ್ತು. ಎಲ್ಲರೂ ಮಾರಲು ಬಂದವರು, ಕೊಳ್ಳಲು ಬಂದವರು ಒಬ್ಬರೂ ಇಲ್ಲ. ಆದ್ದರಿಂದ ಪರಸ್ಪರ ವಿನಿಮಯ ನಡೆಯಿತು, ಸಂಜೆ ಎಲ್ಲರೂ ತಂದಷ್ಟೇ ಭಾರದ ಚೀಲ ಹೊತ್ತು ಮರಳಿದರು. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ನೆಟ್‌ವರ್ಕಿಂಗ್ ಕುರಿತು ಪಾಠ ಮಾಡಿದರು: ಮೊದಲು ನಗಬೇಕು, ಆಮೇಲೆ ವಿಸಿಟಿಂಗ್ ಕಾರ್ಡು ಕೊಡಬೇಕು, ಪ್ರಕಾಶಕರ ಜೊತೆ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಅದು ಮೇಲೆ ತಲುಪುವಷ್ಟರಲ್ಲಿ ಇಡೀ ಕಾದಂಬರಿಯನ್ನು ಹೇಳಿ ಮುಗಿಸಬೇಕು.

ಇವರು ಎದ್ದು ನಿಂತರು. "ಸರ್, ನಮ್ಮ ಕಡಿ ಲಿಫ್ಟ್ ಎಲ್ಲಿ ಹುಡುಕ್ಲಿರಿ? ದೇವದುರ್ಗದ ಬಸ್ಸು ರಿವರ್ಸ್ ತಗೊಳ್ಳೋದ್ರಾಗ ಹೇಳಿದ್ರ ನಡೀತದೇನ್ರಿ?"

ನಡೆಯುತ್ತದೆಂದು ತರಬೇತುದಾರರು ಗಂಭೀರವಾಗಿ ಒಪ್ಪಿಗೆಯಿತ್ತರು. ಮರುದಿನದಿಂದ ಅಭ್ಯಾಸ ಆರಂಭವಾಯಿತು. ದೇವದುರ್ಗದ ಬಸ್ಸು ಹಿಂದಕ್ಕೆ ಸರಿಯುವಾಗ ಕಿಟಕಿಯ ಬಳಿ ಯಾರು ಸಿಕ್ಕರೂ ಅವರಿಗೆ ಹೊಸ ಕಾದಂಬರಿಯ ಸಾರಾಂಶ ಕೇಳುವ ಯೋಗ: "ಒಬ್ಬಾಕಿ ಹೆಣ್ಮಗಳು. ಗಟ್ಟಿ ವಿಶ್ವಾಸ, ಕೆಟ್ಟ ಕಿಡ್ನಿ." ಇದನ್ನೇ ಅವರು ಪ್ರಕಾಶಕರೊಬ್ಬರಿಗೂ ಹೇಳಿದರು. ಕಿಡ್ನಿ ಬೇಡ, ಕ್ಯಾನ್ಸರ್ ಮಾಡಿ, ಕ್ಯಾನ್ಸರಿಗೆ ಓದುಗರು ಹೆಚ್ಚು ಎಂದು ಪ್ರಕಾಶಕರು ಸಲಹೆಯಿತ್ತರು. ಕಾಯಿಲೆಯನ್ನೂ ಮಾರುಕಟ್ಟೆ ನಿರ್ಧರಿಸುವ ಈ ವ್ಯವಸ್ಥೆಯ ಕುರಿತು ಪ್ರತ್ಯೇಕ ಲೇಖನವನ್ನೇ ಬರೆಯಬೇಕು.

ನಮ್ಮ ಕಡೆಯ ಸಮ್ಮೇಳನಗಳೂ ಬೇರೆಯಾಗಿರಲಿಲ್ಲ. ಪ್ರಗತಿಪರ ಸಾಹಿತಿಗಳ ಸಮಾವೇಶದಲ್ಲಿ ಅವರನ್ನು ದಲಿತ ಗೋಷ್ಠಿಗೆ ಕಳುಹಿಸಿದರು. ಅಲ್ಲಿದ್ದವರು, ನೀವು ಕ್ರೈಸ್ತರು, ಅಲ್ಪಸಂಖ್ಯಾತರ ಗೋಷ್ಠಿ ಪಕ್ಕದ ಕೋಣೆಯಲ್ಲಿದೆ ಎಂದರು. ಪಕ್ಕದ ಕೋಣೆಯವರು ಇವರ ಕಾದಂಬರಿಯನ್ನು ಮುಟ್ಟಿ ನೋಡಿ, ಇದು ಧಾರ್ಮಿಕ ಸಾಹಿತ್ಯವೆಂದು ಹಿಂದಿರುಗಿಸಿದರು. ಮತ ಬದಲಿಸಿದ ದಲಿತನಿಂದ ಪರಿಶಿಷ್ಟ ಜಾತಿಯ ಹಕ್ಕನ್ನು ಕಿತ್ತುಕೊಂಡು, ಜಾತಿಯನ್ನು ಮಾತ್ರ ಅವನ ಬಳಿಯೇ ಉಳಿಸುವ ಸರ್ಕಾರದ ಅನ್ಯಾಯವನ್ನು ಖಂಡಿಸಿ ನಿರ್ಣಯ ಮಂಡಿಸಿದ ಸಮಾವೇಶವೇ ಅದು. ನಿರ್ಣಯ ಚಪ್ಪಾಳೆಯೊಂದಿಗೆ ಮಂಜೂರಾಗುವಾಗ ಇವರು ವರಾಂಡದಲ್ಲಿ ಕುಳಿತು ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ನಾನು ಕೆರಳಿದ್ದೆ. "ಬಿಡ್ರಿ ಅಕ್ಕಾರ. ಒಳಗ ಬರೇ ಭಾಷಣ ಅದ. ಇಲ್ಲಿ ಮಿರ್ಚಿ ಬಿಸಿ ಅದ" ಎಂದರು.

ಸಂಕಟ ಅಲ್ಲಿರಲಿಲ್ಲ. ಅದು ಎಲ್ಲಿತ್ತೆಂಬುದನ್ನು, ಬಸ್ಸುಗಳಿಲ್ಲದ ಒಂದು ಬಂದ್ ದಿನ, ಅವರು ತಾವಾಗಿಯೇ ಹೇಳಿದರು.

ಅವರ ಪತ್ನಿಗೆ ಮೂತ್ರಪಿಂಡದ ಕಾಯಿಲೆಯಿತ್ತು. ಡಯಾಲಿಸಿಸ್‌ಗೆಂದು ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಬರಬೇಕಿತ್ತು. ಹತ್ತಿರದ ಊರೊಂದರ ಆಸ್ಪತ್ರೆಯಲ್ಲಿ ಯಂತ್ರವಿತ್ತು, ನಡೆಸುವವರಿರಲಿಲ್ಲ. ನಡೆಸುವವರು ಬಂದಾಗ ಯಂತ್ರವಿರಲಿಲ್ಲ. ಆಕೆ ತೀರಿಕೊಂಡಳು. ಮಣ್ಣಿಗೆ ಇಡುವ ಮುನ್ನ ಅವರ ಚರ್ಚಿನ ಸಭೆಯ ಪಾಲಕರು, ಎಲ್ಲರೂ ಅಯ್ಯನವರೆಂದು ಕರೆಯುವವರು, ಪ್ರಸಂಗ ಮಾಡುತ್ತ, ಅಂದರೆ ಉಪದೇಶ ಕೊಡುತ್ತ, ಒಂದು ಮಾತು ಹೇಳಿದರು: ಇಡೀ ಸಭೆ ಈ ಸಹೋದರಿಗಾಗಿ ಪ್ರಾರ್ಥಿಸಿತು, ಸಹೋದರಿಯ ವಿಶ್ವಾಸವೂ ಅಷ್ಟೇ ಬಲವಾಗಿದ್ದಿದ್ದರೆ ಇಂದು ನಾವು ಇಲ್ಲಿ ನಿಲ್ಲುತ್ತಿರಲಿಲ್ಲ.

"ಮಂದಿ ಆಮೆನ್ ಅಂದ್ರು. ನಾನೂ ಅಂದೆ, ರೂಢಿ ನೋಡ್ರಿ. ಮನಿಗೆ ಬಂದಮ್ಯಾಲ ತಿಳೀತು ಯಾವುದಕ್ಕ ಆಮೆನ್ ಅಂದೆ ಅಂತ" ಎಂದರು.

ಅಂದಿನಿಂದ ಅವರು ಬರೆಯಬೇಕೆಂದುಕೊಂಡದ್ದು ಒಂದೇ ಕಾದಂಬರಿ. ಅದರಲ್ಲಿ ಸುವಾರ್ತಮ್ಮ ಎಂಬ ಹೆಣ್ಣುಮಗಳಿಗೆ ಅದೇ ಕಾಯಿಲೆ ಬರಬೇಕು. ಆಕೆಯ ವಿಶ್ವಾಸದಲ್ಲಿ ಎಳ್ಳಷ್ಟೂ ಕೊರತೆ ಇರಬಾರದು. ಎಲ್ಲರೂ ಪ್ರಾರ್ಥಿಸಬೇಕು. ಆದರೂ ಆಕೆ ಸಾಯಬೇಕು. ಓದಿದವರಲ್ಲಿ ಒಬ್ಬರೂ ಆಕೆಯತ್ತ ಬೆರಳು ಮಾಡದಂತೆ ಸಾಯಬೇಕು. ಅವರಿಗೆ ಬೇಕಿದ್ದುದು ಇಷ್ಟೇ, ಮತ್ತು ಇದನ್ನು ಪ್ರಕಟಿಸಲು ಇದ್ದುದು ಒಂದೇ ಮಾಸಪತ್ರಿಕೆ. ಅದರ ಸಂಪಾದಕರು ಅಯ್ಯನವರೇ.

ಧಾರಾವಾಹಿ ಆರಂಭವಾಯಿತು. ಕವಿತಾಳದ ಸಹೋದರಿಯರ ಕೂಟದಲ್ಲಿ ಅದನ್ನು ಪ್ರತಿ ತಿಂಗಳೂ ಗಟ್ಟಿಯಾಗಿ ಓದಿಸುತ್ತಿದ್ದರು. ಕೂಟದ ಹಿರಿಯಳಾದ ರಾಹೇಲಮ್ಮನಿಗೆ ಅಕ್ಷರ ಬಾರದು, ಕಿವಿ ಮಂದ, ಕಣ್ಣೀರು ಮಾತ್ರ ಚುರುಕು. ಸುವಾರ್ತಮ್ಮನ ಕಾಲು ಬಾತುಕೊಂಡಿತೆಂದು ಕೇಳಿದ ದಿನ ಆಕೆ ಎದ್ದು, ಈ ಹೆಣ್ಣುಮಗಳಿಗಾಗಿ ಪ್ರಾರ್ಥನೆ ಆಗಬೇಕೆಂದು ಪಟ್ಟು ಹಿಡಿದಳು. ಪ್ರಾರ್ಥನೆಯ ವಿನಂತಿಗಳನ್ನು ಓದುವಾಗ ಹೆಸರು, ಊರು, ಕಾಯಿಲೆ ಇಷ್ಟನ್ನೇ ಓದುವುದು ಅಲ್ಲಿನ ವಾಡಿಕೆ. ಉಳಿದ ವಿವರ ದೇವರಿಗೆ ಗೊತ್ತಿರುತ್ತದೆ. ಆದ್ದರಿಂದ "ಸುವಾರ್ತಮ್ಮ, ಯಾಪಲದಿನ್ನಿ, ಕಿಡ್ನಿ" ಎಂದು ಓದಿದರು. ಅದು ಸರಪಳಿ ಪ್ರಾರ್ಥನೆಯಲ್ಲಿ ಸಭೆಯಿಂದ ಸಭೆಗೆ ದಾಟಿ ಮಾನ್ವಿ, ದೇವದುರ್ಗ, ರಾಯಚೂರು ತಲುಪಿತು. ಆಕೆ ಕಾದಂಬರಿಯ ಪಾತ್ರವೆಂಬ ವಿವರ ದೇವರ ಬಳಿಯೇ ಉಳಿಯಿತು.

ಮೂರು ತಾಲ್ಲೂಕುಗಳಲ್ಲಿ ಉಪವಾಸಗಳು ನಡೆದವು. ಜನ ಮೋಸಂಬಿ, ಎಳನೀರು ಹಿಡಿದುಕೊಂಡು ಬಸ್ ನಿಲ್ದಾಣದ ಕಿಟಕಿಗೆ ಬರತೊಡಗಿದರು. "ಸರ್, ಅಕಿನ್ನ ಯಾವ ವಾರ್ಡಿನ್ಯಾಗ ಹಾಕ್ಯಾರ?"

"ಅಕಿ ಕತಿಯಾಗ ಅದಾಳವ್ವ."

"ಹೌದೇನ್ರಿ? ಮತ್ತ ಕತಿಯಾಗ ಹೆಂಗದಾಳ?"

ವಿಚಾರಣೆಗಳು ಹೆಚ್ಚಿ ಬಸ್ಸುಗಳ ವೇಳೆ ಕೇಳುವವರಿಗೆ ಜಾಗವಿಲ್ಲದಂತಾದಾಗ ಅವರು ಮೈಕಿನಲ್ಲೇ ಸಾರಬೇಕಾಯಿತು: "ಪ್ರಯಾಣಿಕರ ಗಮನಕ್ಕೆ. ದೇವದುರ್ಗಕ್ಕೆ ಹೋಗುವ ಬಸ್ಸು ಪ್ಲಾಟ್‌ಫಾರಂ ಎರಡರಲ್ಲಿದೆ. ಸುವಾರ್ತಮ್ಮನವರ ಆರೋಗ್ಯದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ."

ಇಷ್ಟರಲ್ಲಿ ಯಾಪಲದಿನ್ನಿಯಲ್ಲಿ ನಿಜವಾಗಿಯೂ ಒಬ್ಬ ಸುವಾರ್ತಮ್ಮ ಇರುವುದು ಬೆಳಕಿಗೆ ಬಂತು. ಮೋಸಂಬಿಗಳೆಲ್ಲ ಆಕೆಯ ಮನೆಗೆ ತಿರುಗಿದವು. ತನಗಿರುವುದು ಮೊಣಕಾಲು ನೋವು, ಕಿಡ್ನಿಯದಲ್ಲ ಎಂದು ಆಕೆ ಪ್ರಾಮಾಣಿಕವಾಗಿ ಹೇಳಿದಳು. "ಇರ್ಲಿ ತಿನ್ನವ್ವ, ತಂದೀವಿ" ಎಂದು ಜನ ತಟ್ಟೆ ಮುಂದಿಟ್ಟರು.

ಕಾದಂಬರಿ ಮುಗಿಯುವ ಹಂತಕ್ಕೆ ಬಂದಾಗ ಅಯ್ಯನವರು ಅವರನ್ನು ಕರೆಸಿದರು. ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಾದ್ದರಿಂದ ನಾನೂ ಜೊತೆಗೆ ಹೋದೆ. ಅಯ್ಯನವರು ಕೆಟ್ಟವರಲ್ಲ. ಕೆಟ್ಟ ಮಾತನ್ನು ಒಳ್ಳೆಯ ದನಿಯಲ್ಲಿ ಹೇಳುವ ತರಬೇತಿ ಪಡೆದವರು, ನಮಗೆ ಚಹಾ ತರಿಸಿದರು.

"ಬ್ರದರ್, ಮುಂದಿನ ಸಂಚಿಕೆಯಾಗ ಅಕಿ ಸಾಯ್ತಾಳ ಅಂತ ಕೇಳೀನಿ. ಹೌದೇನು?"

"ಹೌದ್ರಿ."

"ಮೂರು ತಾಲ್ಲೂಕಿನ ಮಂದಿ ಉಪಾಸ ಅದಾರ. ಅಕಿನ್ನ ಸಾಯಿಸಿದ್ರ ದೇವರ ಮಾನ ಹೆಂಗ ಉಳೀತದ?"

"ದೇವರ ಮಾನ ನನ್ನ ಪೆನ್ನಿನ ಮ್ಯಾಲ ನಿಂತದಂದ್ರ, ಅಯ್ಯನವರ, ನೀವು ನನಗ ಸಂಭಾವನಿ ಭಾಳ ಕಮ್ಮಿ ಕೊಡಾಕತ್ತೀರಿ."

ಅಯ್ಯನವರು ನಕ್ಕರು. ಬಳಿಕ ರಾಜಿಯ ಸೂತ್ರಗಳನ್ನು ಮುಂದಿಟ್ಟರು. ಸುವಾರ್ತಮ್ಮನನ್ನು ಕ್ರಿಸ್ಮಸ್ ವಿಶೇಷಾಂಕದವರೆಗೆ ಪ್ರಜ್ಞೆ ತಪ್ಪಿಸಿ ಇಡಬಹುದು. ಅಥವಾ ಆಕೆಗೊಬ್ಬ ಅವಳಿ ತಂಗಿಯನ್ನು ಸೃಷ್ಟಿಸಿ, ಸಾಯಲೇಬೇಕೆಂದಿದ್ದರೆ ಆ ತಂಗಿ ಸಾಯಬಹುದು. ತಂಗಿಗಾಗಿ ಯಾರೂ ಪ್ರಾರ್ಥಿಸಿಲ್ಲವಾದ್ದರಿಂದ ತೊಂದರೆಯಿಲ್ಲ. ಅದೂ ಬೇಡವಾದರೆ, "ಡಾಕ್ಟರ್‌ಗಳು ಆಶ್ಚರ್ಯ ಪಟ್ಟರು ಅಂತ ಒಂದ ಸಾಲು ಹಾಕ್ರಿ, ಸಾಕು."

"ಹಾಕಬಹುದ್ರಿ. ನಮ್ಮನಿಯಾಕಿ ಮುಂದ ಯಾವ ಡಾಕ್ಟರೂ ಆಶ್ಚರ್ಯ ಪಡಲಿಲ್ಲ."

ಅಯ್ಯನವರು ಚಹಾದ ಲೋಟವನ್ನು ತಿರುಗಿಸುತ್ತ ಕುಳಿತರು. ತಮ್ಮ ಹಳೆಯ ಪ್ರಸಂಗ ಅವರಿಗೆ ನೆನಪಿತ್ತೋ ಇಲ್ಲವೋ ತಿಳಿಯಲಿಲ್ಲ. ಪ್ರಸಂಗ ಮಾಡಿದವರು ಮರೆಯುತ್ತಾರೆ. ಕಡೆಗೆ, ಸಾವಿನ ಅಧ್ಯಾಯವನ್ನು ಪತ್ರಿಕೆ ಅಚ್ಚು ಮಾಡುವುದಿಲ್ಲವೆಂದು ಮೃದುವಾಗಿ ತಿಳಿಸಿ, ನಮಗಾಗಿ ಪ್ರಾರ್ಥಿಸಿ ಕಳುಹಿಸಿದರು.

ಹೊರಬಂದ ಕೂಡಲೇ ನಾನು ಹೋರಾಟದ ರೂಪುರೇಷೆಯನ್ನು ವಿವರಿಸಿದೆ: ಕರಪತ್ರ, ಸಹಿ ಸಂಗ್ರಹ, ಪತ್ರಿಕಾ ಕಚೇರಿಯ ಮುಂದೆ ಧರಣಿ. ಪಾತ್ರಗಳಿಗೂ ಸಾಯುವ ಹಕ್ಕಿದೆ ಎಂಬ ಘೋಷಣೆಯನ್ನು ಆಗಲೇ ರಚಿಸಿದ್ದೆ.

"ಧರಣಿ ಬ್ಯಾಡ್ರಿ ಅಕ್ಕಾರ. ನಿಮ್ಮ ಹೆಸರನ್ನೂ ಸರಪಳಿ ಪ್ರಾರ್ಥನಿಗೆ ಹಾಕ್ತಾರ. ಊರು ರಾಯಚೂರು, ಬ್ಯಾನಿ ಸಿಟ್ಟು ಅಂತ ಓದ್ತಾರ" ಎಂದರು. ಹೆಜ್ಜೆ ಹಾಕುತ್ತ ಮುಂದುವರಿಸಿದರು: "ನನಗ ಅಯ್ಯನವರ ಮ್ಯಾಲ ಗೆಲ್ಲೋದು ಬೇಕಾಗಿಲ್ಲ. ಅಕಿ ಮ್ಯಾಲ ಹೊರಿಸಿದ್ದು ಇಳೀಬೇಕು, ಅಷ್ಟ."

ಇದಾದ ಸ್ವಲ್ಪ ದಿನಗಳಿಗೆ ರಾಯಚೂರಿನಲ್ಲಿ ಲೇಖಕರ ಸಮ್ಮೇಳನ ಮತ್ತೆ ಬಂತು. ಸಭಾಂಗಣದ ಬಾಗಿಲಲ್ಲಿ ಬ್ಯಾನರು: "ಸುವಾರ್ತಮ್ಮನವರು ಗುಣಹೊಂದಿದ ನಿಮಿತ್ತ ಕೃತಜ್ಞತಾ ಕೂಟ ಹಾಗೂ ಲೇಖಕರ ಸಮ್ಮೇಳನ." ಬರೆಯದ ಅಧ್ಯಾಯಕ್ಕೆ ಕೃತಜ್ಞತೆ ಸಲ್ಲಿಸುವ ಈ ಕ್ರಮ, ಕಟ್ಟದ ಸೇತುವೆಯನ್ನು ಉದ್ಘಾಟಿಸುವ ನಮ್ಮ ಜನಪ್ರತಿನಿಧಿಗಳಿಂದ ಕಲಿತದ್ದಿರಬೇಕು. ವೇದಿಕೆಯ ನಟ್ಟನಡುವೆ ಯಾಪಲದಿನ್ನಿಯ ಸುವಾರ್ತಮ್ಮನನ್ನು ಕೂರಿಸಿ ಶಾಲು ಹೊದಿಸಿದ್ದರು. ಆಕೆ ಸಾಕ್ಷಿ ಹೇಳಿದಳು.

"ನನಗ ಕಿಡ್ನಿ ಬ್ಯಾನಿ ಇರಲೇ ಇಲ್ರಿ. ಮೊಣಕಾಲು ಹಿಡಿದಿತ್ತು. ಅಲ್ಲಿಂದ ಇಲ್ಲಿಂದ ಎಲ್ಲಾರ ಪ್ರಾರ್ಥನಿ ಬಂದು ಬಂದು ನನಗ ತಾಕಿತು. ಈಗ ಕುಂದ್ರಾಕ ಏಳಾಕ ಬರ್ತದ. ಯಾರ ಪಾಲಿಂದರೆ ಇರ್ಲಿ, ಸ್ತೋತ್ರ."

ಸಭಾಂಗಣ ಹಲ್ಲೆಲೂಯ ಎಂದಿತು. ಆಮೇಲೆ ಇವರನ್ನು ಕರೆದರು. ಅವರಿಗೆ ಕೊಟ್ಟ ವಿಷಯ "ಸಂತೋಷದ ಮುಕ್ತಾಯ". ಯಾರಾದರೂ ತಡೆದರೆ ಎದ್ದು ಘೋಷಣೆ ಕೂಗುತ್ತೇನೆಂದು ನಾನು ಅವರಿಗೆ ಮೊದಲೇ ಹೇಳಿದ್ದೆ. "ಕುಂದ್ರಿ ಅಕ್ಕಾರ. ಸತ್ತ ಮನಿಯಾಗ ಘೋಷಣಾ ಕೂಗಬಾರದು" ಎಂದು ಹೇಳಿ ಮೆಟ್ಟಿಲು ಹತ್ತಿದರು.

ಮುನ್ನುಡಿಯಿಲ್ಲದೆ ಅವರು ಅಧ್ಯಾಯವನ್ನು ಓದಿದರು. ಬಸ್ಸು ಹೊರಡುವುದನ್ನು ಹೇಳುವ ಅದೇ ಏರಿಳಿತವಿಲ್ಲದ ದನಿ. ಡಯಾಲಿಸಿಸ್ ಮುಗಿಸಿ ರಾಯಚೂರಿನಿಂದ ಮರಳುವ ಬಸ್ಸಿನಲ್ಲಿ ಸುವಾರ್ತಮ್ಮ ಕಿಟಕಿಯ ಪಕ್ಕ ಕುಳಿತಿದ್ದಾಳೆ. ಕಾಲುವೆಗೆ ನೀರು ಬಿಟ್ಟಿದ್ದಾರೆಯೇ ಎಂದು ಗಂಡನನ್ನು ಕೇಳುತ್ತಾಳೆ. ಬಿಟ್ಟಿದ್ದಾರೆ ಎನ್ನುತ್ತಾನೆ. ನಾಟಿಗೆ ಹೆಣ್ಣಾಳುಗಳು ಸಾಲುಗಟ್ಟಿ ಬಗ್ಗಿರುವುದನ್ನು ನೋಡಿ, ಅವರ ಸೊಂಟಕ್ಕಾಗಿ ಪ್ರಾರ್ಥಿಸುತ್ತಾಳೆ. ತನಗಾಗಿ ಬೇಡುವುದನ್ನು ಬೆಳಿಗ್ಗೆಯೇ ಮುಗಿಸಿದ್ದಾಳೆ. ನಿರ್ವಾಹಕ ಮಾನ್ವಿ ಎಂದು ಕೂಗುವಾಗ ಆಕೆ ಏಳುವುದಿಲ್ಲ. ಕೊನೆಯ ಸಾಲುಗಳು ನನಗೆ ಬಾಯಿಪಾಠವಾಗಿವೆ: "ಅವಳ ವಿಶ್ವಾಸ ಪೂರ್ತಿ ಇತ್ತು. ರಕ್ತ ಪೂರ್ತಿ ಇರಲಿಲ್ಲ."

ಅಯ್ಯನವರು ಮೈಕಿನ ಕಡೆಗೆ ಕೈ ಚಾಚಿದರು. ಅಷ್ಟರಲ್ಲಿ ಮಹಿಳೆಯರ ಸಾಲಿನಿಂದ ಒಂದು ದನಿ ಎದ್ದಿತು.

"ಹೋದಳೇನ ನನ ಯವ್ವಾ! ಬಸ್ಸಿನ್ಯಾಗ ಹೋದಳೇನ! ಕಾಲುವಿ ನೀರು ಕೇಳ್ಕೊಂತ ಹೋದಳೇನ!"

ರಾಹೇಲಮ್ಮ ನೆಲಕ್ಕೆ ಕುಳಿತು ಎದೆ ಬಡಿದುಕೊಂಡು ಹಾಡಿ ಅಳತೊಡಗಿದ್ದಳು. ಕವಿತಾಳದ ಹೆಂಗಸರು ಆಕೆಯ ಸುತ್ತ ಕುಳಿತರು, ದೇವದುರ್ಗದವರು ಅವರ ಸುತ್ತ. ಯಾಪಲದಿನ್ನಿಯ ಸುವಾರ್ತಮ್ಮ ಶಾಲು ಹೊದ್ದುಕೊಂಡೇ ವೇದಿಕೆಯಿಂದ ಇಳಿದು ಬಂದು, ಸತ್ತವಳು ತಾನಲ್ಲವೆಂಬುದನ್ನು ಲೆಕ್ಕಿಸದೆ ಎಲ್ಲರಿಗಿಂತ ಗಟ್ಟಿಯಾಗಿ ಅತ್ತಳು. ಹೊರಗೆ ಬಿರಿಯಾನಿಯ ಹಂಡೆಯ ಬಳಿಯಿದ್ದ ಅಡಿಗೆಯವನು ಅಳು ಕೇಳಿ ಒಲೆ ಆರಿಸಿದ. ಸತ್ತ ಮನೆಯಲ್ಲಿ ಬಡಿಸುವುದಿಲ್ಲವೆಂದ. ತರಬೇತುದಾರರ ಮಧ್ಯಾಹ್ನದ ನೆಟ್‌ವರ್ಕಿಂಗ್ ಗೋಷ್ಠಿ ರದ್ದಾಯಿತು. ಕೆಲವರು ಅಳುವಿನ ನಡುವೆಯೇ ಕಾರ್ಡು ವಿನಿಮಯ ಮಾಡಿಕೊಂಡರೆಂದು ಆಮೇಲೆ ತಿಳಿಯಿತು.

ಗಂಡಸರ ಕಡೆ ಇನ್ನೊಂದು ತಕರಾರು ಎದ್ದಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದ್ದರಿಂದಲೇ ಹೇಳಬೇಕು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಬರೆದ ಗೋಡೆಯ ಕೆಳಗೆ ಎರಡು ಕೇರಿಗಳವರು, ಅಂದರೆ ಎರಡು ಜಾತಿಗಳವರು, ಎರಡು ಬದಿಗೆ ಕೂರುವುದು, ಎರಡು ಕಡೆ ಮಣ್ಣು ಮಾಡುವುದು ನಮ್ಮ ಕಡೆ ಇಂದಿಗೂ ಇದೆ. "ಅಕಿ ಯಾವ ಕೇರಿಯಾಕಿ?" ಎಂದು ಒಬ್ಬರು ಕೇಳಿದರು. "ನಮ್ಮಾಕಿ" ಎಂದರು ಇನ್ನೊಬ್ಬರು. "ಹೆಂಗ ನಿಮ್ಮಾಕಿ ಆಗ್ತಾಳ? ಉಪಾಸ ಇದ್ದವರು ನಾವು!" ಇಲ್ಲದ ಹೆಣವನ್ನು ಯಾವ ಮಸಣಕ್ಕೆ ಒಯ್ಯಬೇಕೆಂಬ ವಾದ ಅಂಗಿ ಹಿಡಿಯುವವರೆಗೂ ಹೋಯಿತು. ಎಲ್ಲರೂ ಲೇಖಕರತ್ತ ತಿರುಗಿದರು. ಅವರು ಹಾಳೆಗಳನ್ನು ಮಡಿಸುತ್ತಿದ್ದರು.

"ಬಸ್ಸಿನ್ಯಾಗ ಸತ್ತಾಕಿಗೆ ಯಾವ ಕೇರಿರಿ? ಸೀಟು ಸಿಕ್ಕಿತ್ತು, ಅಷ್ಟ" ಎಂದರು.

ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಂಧುಗಳೇ ಬುತ್ತಿ ತರಬೇಕು. ಸುವಾರ್ತಮ್ಮನಿಗೆ ಮನೆಯಿರಲಿಲ್ಲ. ಜನ ತಮ್ಮೊಳಗೇ ಯೋಚಿಸಿ, ಬರೆದವರ ಮನೆಯೇ ಆಕೆಯ ಮನೆ ಎಂದು ತೀರ್ಮಾನಿಸಿದರು. ಮರುದಿನ ಬೆಳಿಗ್ಗೆ ಕವಿತಾಳದ ಬಸ್ಸಿನಿಂದ ಹೆಂಗಸರು ಬುತ್ತಿಗಂಟುಗಳೊಂದಿಗೆ ಇಳಿದು ಮಾನ್ವಿಯ ಅವರ ಓಣಿಗೆ ನಡೆದು ಬಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಅನ್ನ, ಒಂದು ಡಬರಿ ಸಾರು. ಹೆಂಡತಿ ಹೋದಾಗ ಆ ಮನೆಗೆ ಹೆಚ್ಚು ಬುತ್ತಿ ಬಂದಿರಲಿಲ್ಲ. ಪ್ರಸಂಗದಲ್ಲಿ ಕೇಳಿದ ಮಾತು ಓಣಿ ಓಣಿ ತಿರುಗಿ, ವಿಶ್ವಾಸ ಕಡಿಮೆಯಿದ್ದವಳ ಮನೆಗೆ ಹೋಗಲು ಜನ ಹಿಂಜರಿದಿದ್ದರು. ಆಗ ಇವರು ಅನ್ನಕ್ಕೆ ತಾವೇ ಇಟ್ಟುಕೊಂಡಿದ್ದರಂತೆ. ಈಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಗೋಡೆಗೊರಗಿ ಕುಳಿತಿದ್ದರು, ಮುಂದೆ ತಟ್ಟೆಯಿತ್ತು, ಕೈ ಹಾಕಿರಲಿಲ್ಲ.

ಸತ್ತ ಮನೆಗೆ ಪಾಲಕರು ಬರಲೇಬೇಕು. ಅಯ್ಯನವರೂ ಬಂದರು; ಬಾಗಿಲಲ್ಲಿ ನಿಂತು ಒಳಗಿನ ಜನವನ್ನು ಕಂಡು, ಚಪ್ಪಲಿ ಬಿಟ್ಟು, ಕೊಟ್ಟ ಚಾಪೆಯ ಮೇಲೆ ಕುಳಿತರು. ನಾನು ಕೇಳಬೇಕೆಂದಿದ್ದ ಪ್ರಶ್ನೆಗಳನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ. ರಾಹೇಲಮ್ಮ ನನಗಿಂತ ಮೊದಲು ಬಾಯಿ ತೆರೆದಳು.

"ಅಯ್ಯನವರ, ನೀವು ಹೇಳ್ರಿ. ನಾವು ಇಷ್ಟು ಮಂದಿ ಬೇಡ್ಕೊಂಡ್ವಿ, ಅಕಿನೂ ಬೇಡ್ಕೊಂಡ್ಳು. ಸತ್ತಳು. ಅಕಿ ವಿಶ್ವಾಸ ಕಮ್ಮಿ ಇತ್ತೇನು?"

ಅಯ್ಯನವರು ಆ ಹೆಂಗಸರನ್ನು ನೋಡಿದರು. ಉಪವಾಸ ಮಾಡಿದವರು, ಮೋಸಂಬಿ ತಂದವರು, ಬುತ್ತಿ ಹೊತ್ತು ಬಂದವರು. ಹೌದೆಂದರೆ ಅವರಲ್ಲಿ ಒಬ್ಬರೂ ಒಪ್ಪುತ್ತಿರಲಿಲ್ಲ.

"ಇಲ್ಲವ್ವ. ಕಮ್ಮಿ ಇರಲಿಲ್ಲ" ಎಂದರು.

"ಹಂಗಂತ ಪ್ರಾರ್ಥನಿಯಾಗ ಹೇಳ್ರಿ ಮತ್ತ."

ಅಯ್ಯನವರು ಕಣ್ಣು ಮುಚ್ಚಿ ಕೈ ಜೋಡಿಸಿದಾಗ, ಗೋಡೆಗೊರಗಿ ಕುಳಿತಿದ್ದ ಇವರು ಮೊದಲ ಬಾರಿಗೆ ಮಾತಾಡಿದರು. "ಅಯ್ಯನವರ, ಎರಡು ಹೆಸರು ತಗೊಳ್ರಿ" ಎಂದರು.

ಕಣ್ಣು ಮುಚ್ಚಿದ್ದ ಅಯ್ಯನವರ ಮುಖವನ್ನು ನಾನು ನೋಡುತ್ತಿದ್ದೆ. ನಾಸ್ತಿಕಳಾದ್ದರಿಂದ ನನ್ನ ಕಣ್ಣು ತೆರೆದಿತ್ತು. ಅವರಿಗೆ ಆ ಹಳೆಯ ಪ್ರಸಂಗ ನೆನಪಿತ್ತೆಂದು ಆ ಮುಖವೇ ಹೇಳಿತು. ಮೊದಲು ಸುವಾರ್ತಮ್ಮ ಎಂದರು. ಅದರ ಬೆನ್ನಿಗೆ ಇವರ ಹೆಂಡತಿಯ ಹೆಸರು ಹೇಳಿದರು. ಈ ಇಬ್ಬರು ಸಹೋದರಿಯರ ವಿಶ್ವಾಸದಲ್ಲಿ ಯಾವ ಕೊರತೆಯೂ ಇರಲಿಲ್ಲ, ಪ್ರಭುವೇ, ಎಂದರು. ಇಬ್ಬರಲ್ಲಿ ಕಥೆಯವಳು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ.

"ಏನಂದ್ರಿ? ನನಗ ಕಿವಿ ಕೇಳಂಗಿಲ್ಲ. ಗಟ್ಟಿಗಿ ಹೇಳ್ರಿ" ಎಂದಳು ರಾಹೇಲಮ್ಮ.

ಅಯ್ಯನವರು ಮತ್ತೊಮ್ಮೆ ಹೇಳಿದರು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಆಮೆನ್ ಎನ್ನುವ ಮುನ್ನ ಇವರು ಒಂದು ಕ್ಷಣ ತಡೆದರು, ಯಾವುದಕ್ಕೆ ಎನ್ನುತ್ತಿದ್ದೇನೆಂದು ನೋಡಿಕೊಳ್ಳುವವರಂತೆ. ಆಮೇಲೆ ಅಂದರು; ತಟ್ಟೆಯನ್ನು ಎಳೆದುಕೊಂಡು ರೊಟ್ಟಿ ಮುರಿದರು.